ಮುತ್ತಾತನ ಮೂಲ ಹುಡುಕುವುದು ಹೇಗೆ? (ಶಿಡ್ಲಘಟ್ಟ ತಾಲ್ಲೂಕು)

ಪ್ರಶ್ನೆ: ಮುತ್ತಾತನ ಊರು, ಜಮೀನಿನ ಸರ್ವೆ ನಂಬರ್ ಗೊತ್ತು. ಆನ್‌ಲೈನಿನಲ್ಲಿ ಇತ್ತೀಚಿನ ಪಹಣಿ ಮಾತ್ರ ಸಿಗುತ್ತಿದೆ. ಹಿಂದಕ್ಕೆ ಹೋಗುವ ದಾರಿ ತಿಳಿಸಿ.

ಉತ್ತರ 1: ಸರ್ವೆ ನಂಬರ್ ಇದ್ದರೆ ಅರ್ಧ ಕೆಲಸ ಆದಂತೆ. ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಕೈಬರಹದ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ನಕಲು ಪಡೆಯಿರಿ. ಪೌತಿ ಖಾತೆಯ (ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗಾಗುವ ಖಾತೆ) ಎಂ.ಆರ್., ಅಂದರೆ ಮ್ಯುಟೇಶನ್ ರಿಜಿಸ್ಟರ್ ದಾಖಲೆ, ಬಹಳ ಮುಖ್ಯ: ತೀರಿಕೊಂಡವರು, ವಾರಸುದಾರರು, ಸಂಬಂಧ ಎಲ್ಲ ಅಲ್ಲಿರುತ್ತದೆ. ಪಹಣಿಯಲ್ಲಿರುವ ಎಂ.ಆರ್. ನಂಬರ್ ಹಿಡಿದು ಒಂದೊಂದೇ ತಲೆಮಾರು ಹಿಂದೆ ಹೋಗಿ.

ಉತ್ತರ 2: ಪೋಡಿ ಆಗಿದ್ದರೆ (ಜಮೀನು ಭಾಗವಾಗಿ ಉಪ ನಂಬರ್ ಬಂದಿದ್ದರೆ) ಉದಾಹರಣೆಗೆ 45/2 ಅಂತ ಕೇಳಬೇಡಿ, ಹಳೆಯ ದಾಖಲೆ ಮೂಲ ನಂಬರ್ 45ರಲ್ಲಿರುತ್ತದೆ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವುದರಿಂದ ಇಬ್ಬರು ಮುನಿಶಾಮಪ್ಪರು ಒಬ್ಬರಾಗಿ ಕಾಣುತ್ತಾರೆ. ‘ಬಿನ್’ ಮುಂದಿನ ತಂದೆ ಹೆಸರು ತಪ್ಪದೆ ನೋಡಿ.

ಉತ್ತರ 3: ಶಿಡ್ಲಘಟ್ಟ ಈಗಿರುವ ಚಿಕ್ಕಬಳ್ಳಾಪುರ, ಕೋಲಾರದಿಂದ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಹಳೆಯ ಕ್ರಯಪತ್ರಗಳಲ್ಲಿ ‘ಕೋಲಾರ ಜಿಲ್ಲೆ’ ಎಂದೇ ಇರುತ್ತದೆ, ಗಾಬರಿಯಾಗಬೇಡಿ. ಕುಟುಂಬದಲ್ಲಿ ಜಮೀನಿಲ್ಲದ ಕವಲಿಗೆ ಊರಿನ ಹಳೆಯ ಶಾಲೆಯ ದಾಖಲಾತಿ ಪುಸ್ತಕ ನೋಡಿ.