ಎಚ್61 ಬೋರ್ಡಿಗೆ 8 ಜಿಬಿ ರ‍್ಯಾಮ್: ಈ ಮೂರರಲ್ಲಿ ಯಾವುದು?

ಪ್ರಶ್ನೆ:
ಮದರ್‌ಬೋರ್ಡ್ ಇಂಟೆಲ್ ಎಚ್61 ಚಿಪ್‌ಸೆಟ್‌ನದು, ಪ್ರೊಸೆಸರ್ ಐ3-2100, ರ‍್ಯಾಮ್ ಸ್ಲಾಟ್ ಎರಡೇ. ಒಂದರಲ್ಲಿ ಡಿಡಿಆರ್3 1333ರ 4 ಜಿಬಿ ಇದೆ. ಖಾಲಿ ಇರೋದಕ್ಕೆ 8 ಜಿಬಿ ಹಾಕ್ಬೇಕು. ಸೆಕೆಂಡ್‌ಹ್ಯಾಂಡ್‌ನಲ್ಲಿ ಮೂರು ಥರ ಸಿಗ್ತಿವೆ: ಲೇಬಲ್ ಮೇಲೆ ಪಿಸಿ3-12800ಆರ್ ಅಂತ ಇರೋದು, ಪಿಸಿ3ಎಲ್-12800ಯು ಅಂತ ಇರೋದು, ‘ಎಎಂಡಿಗೆ ಮಾತ್ರ’ ಅಂತ ಮಾರೋದು. ಮೊದಲನೇದೇ ಅಗ್ಗ. ಯಾವುದು ತಗೊಳ್ಳಲಿ? 4 ಮತ್ತು 8 ಜೊತೆಗೆ ಹಾಕಿದ್ರೆ ಡ್ಯುಯಲ್ ಚಾನೆಲ್ (ಎರಡು ಸ್ಟಿಕ್ಕೂ ಒಟ್ಟಿಗೆ ಓಡಿ ವೇಗ ಹೆಚ್ಚೋದು) ಹೋಗುತ್ತಾ?

ಉತ್ತರ 1:
ಪಿಸಿ3ಎಲ್-12800ಯು ತಗೊಳ್ಳಿ. ಮಿಕ್ಕೆರಡು ನಿಮ್ಮ ಬೋರ್ಡಿಗೆ ಆಗಲ್ಲ.

ಕೊನೇಲಿ ‘ಆರ್’ ಇದ್ರೆ ರಿಜಿಸ್ಟರ್ಡ್, ಅಂದ್ರೆ ಸರ್ವರ್ ರ‍್ಯಾಮ್. ಅದಕ್ಕೂ 240 ಪಿನ್ನೇ, ಕಚ್ಚೂ ಅದೇ ಜಾಗದಲ್ಲಿ, ಹಾಗಾಗಿ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತೆ. ಆದ್ರೆ ಡಿಸ್‌ಪ್ಲೇ ಬರಲ್ಲ. ಅಗ್ಗ ಅಂತ ತಗೊಂಡು ಮೋಸ ಹೋಗೋದು ಹೆಚ್ಚಾಗಿ ಇದರಲ್ಲೇ. ‘ಯು’ ಇರೋದು ಸಾಮಾನ್ಯ ಡೆಸ್ಕ್‌ಟಾಪ್‌ಗೆ.

‘ಎಲ್’ ಅಂದ್ರೆ 1.35 ವೋಲ್ಟ್. ಅದು 1.5 ವೋಲ್ಟ್‌ನಲ್ಲೂ ಓಡೋ ಹಾಗೇ ಮಾಡಿರ್ತಾರೆ, ಭಯ ಬೇಡ. 12800 ಅಂದ್ರೆ 1600ರ ವೇಗ. ಐ3-2100 ಗರಿಷ್ಠ 1333 ಅಷ್ಟೇ, ಹಾಗಾಗಿ ತಾನೇ ಇಳಿದು 1333ಕ್ಕೆ ನಿಲ್ಲುತ್ತೆ. ಎಚ್61ಗೆ ಒಟ್ಟು ಮಿತಿ 16 ಜಿಬಿ, ನಿಮ್ಮದು 12.

ಡ್ಯುಯಲ್ ಚಾನೆಲ್ ಪೂರ್ತಿ ಹೋಗಲ್ಲ. ಎರಡರಿಂದಲೂ 4-4 ಜೋಡಿಯಾಗಿ 8 ಜಿಬಿ ಡ್ಯುಯಲ್‌ನಲ್ಲಿ, ಉಳಿದ 4 ಸಿಂಗಲ್‌ನಲ್ಲಿ ಓಡುತ್ತೆ. ಬರೀ 8ರ ಒಂದೇ ಸ್ಟಿಕ್ ಹಾಕೋದಕ್ಕಿಂತ ಇದೇ ವಾಸಿ.

ಉತ್ತರ 2:
‘ಎಎಂಡಿಗೆ ಮಾತ್ರ’ ಅನ್ನೋದರ ಕಾರಣ ಸೇರಿಸ್ತೀನಿ. ಅದರಲ್ಲಿ ಒಂದೊಂದು ಚಿಪ್ಪೂ 4 ಬಿಟ್ ಅಗಲದ್ದು, ಅಂದ್ರೆ ಒಂದು ಸಲಕ್ಕೆ 4 ಬಿಟ್ ಡೇಟಾ ಕೊಡೋದು. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ 8 ಬಿಟ್ ಅಗಲದ ಚಿಪ್ ಬೇಕು. ನೋಡೋಕೆ ಎರಡೂ ಒಂದೇ ಥರ, ಎರಡರಲ್ಲೂ 16 ಚಿಪ್. ಆದ್ದರಿಂದ ಮಾರೋರು ಹೇಳೋದನ್ನ ನಂಬದೆ ಸ್ಟಿಕ್ಕಿನ ಪಾರ್ಟ್ ನಂಬರ್ ಹುಡುಕಿ ನೋಡಿ.

ಇನ್ನೊಂದು: 8 ಜಿಬಿ ಸ್ಟಿಕ್ಕಿನಲ್ಲಿ ಎಂಟೇ ಚಿಪ್ ಇದ್ರೆ ತಗೋಬೇಡಿ. ಅವು ಒಂದೊಂದೂ 8 ಗಿಗಾಬಿಟ್‌ನ (1 ಜಿಬಿಯ) ಚಿಪ್, ಐ3-2100 ಕಾಲದ ಪ್ರೊಸೆಸರ್‌ಗೆ ಗೊತ್ತಾಗಲ್ಲ. ಎರಡೂ ಬದಿ ಎಂಟೆಂಟು ಇರೋದನ್ನೇ ಆರಿಸಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಹಾಕಿದ ಮೇಲೆ ಡಿಸ್‌ಪ್ಲೇ ಬರದೇ ಹೋದ್ರೆ ಎಲ್ಲಿಂದ ಶುರು ಮಾಡ್ಲಿ?

ಉತ್ತರ 1:
ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಹಳೇದನ್ನ ತೆಗೆದು ಹೊಸದನ್ನ ಮಾತ್ರ ಹಾಕಿ ನೋಡಿ, ಆಮೇಲೆ ಸ್ಲಾಟ್ ಬದಲಿಸಿ. ಎರಡೂ ತುದಿ ಒತ್ತಿದಾಗ ಕ್ಲಿಪ್ ಟಕ್ ಅಂತ ಕೂರಬೇಕು. ಒಂದು ತುದಿ ಒಂದೇ ಒಂದು ಮಿಲಿಮೀಟರ್ ಮೇಲಿದ್ರೂ ಬೀಪ್ ಹೊಡೀತಾ ಇರುತ್ತೆ. ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನ ಮೆತ್ತನೆ ರಬ್ಬರ್‌ನಿಂದ ಉಜ್ಜಿ, ಪುಡಿ ಪೂರ್ತಿ ಒರೆಸಿ. ಆಗಲೂ ಬರದಿದ್ರೆ, ಪ್ಲಗ್ ಕಿತ್ತೇ ಇಟ್ಟು, ಬೋರ್ಡಿನ ಬಟನ್ ಸೆಲ್ ಐದು ನಿಮಿಷ ತೆಗೆದಿಡಿ, ಬೋರ್ಡಿನ ಸೆಟ್ಟಿಂಗ್ ಮೊದಲಿನಂತಾಗುತ್ತೆ.

ಉತ್ತರ 2:
ಒಂದು ಸ್ಲಾಟ್ ಮಾತ್ರ ಯಾವ ಸ್ಟಿಕ್ ಹಾಕಿದ್ರೂ ಸತ್ತಂತಿದ್ರೆ ರ‍್ಯಾಮ್ ಬೈಬೇಡಿ. ಪ್ರೊಸೆಸರ್ ಸಾಕೆಟ್‌ನಲ್ಲಿ ಪಿನ್ ಬಾಗಿರಬಹುದು, ಇಲ್ಲಾ ಕೂಲರ್ ಒಂದು ಕಡೆ ಜಾಸ್ತಿ ಬಿಗಿಯಾಗಿರಬಹುದು. 12 ಜಿಬಿ ಸರಿಯಾಗಿ ಕಂಡ್ರೆ ಒಂದು ರಾತ್ರಿ ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸೋ ಪ್ರೋಗ್ರಾಂ) ಓಡಿಸಿ. ಒಂದು ಎರರ್ ಬಂದ್ರೂ ಸ್ಟಿಕ್ಕುಗಳನ್ನ ಒಂದೊಂದಾಗಿ ಪರೀಕ್ಷಿಸಿ, ಹೊಸದರದೇ ತಪ್ಪಾಗಿದ್ರೆ ವಾಪಸ್ ಕೊಟ್ಟುಬಿಡಿ. ವಿಂಡೋಸ್ 32 ಬಿಟ್ ಆಗಿದ್ರೆ 4 ಜಿಬಿ ಮೇಲೆ ಬಳಸೋಲ್ಲ, ಅದನ್ನ ಮೊದಲೇ ನೋಡ್ಕೊಳ್ಳಿ.