ಸಮಸ್ಯೆ (ಇದನ್ನು ಕೊನೆಯ ಸಾಲಾಗಿಟ್ಟು ಮೇಲಿನ ಮೂರು ಸಾಲು ತುಂಬುವುದೇ ಪೂರಣ): ‘ಮಧುರೆಯನರಸಂ ಗೆಲಲ್ಕೆ ರಾಣಿಯೆ ಗೆಲ್ದಳ್’

ಕಂದರಸಿಕ: ವಸ್ತು ಗಂಗಾದೇವಿ. ವಿಜಯನಗರದ ಬುಕ್ಕರಾಯ, ದೇವಾಯಿಯರ ಸೊಸೆ, ಕುಮಾರ ಕಂಪಣನ ಮಡದಿ, ಅವನು ಮಧುರೆಯನ್ನು ಗೆದ್ದ ಕಥೆಯ ಸಂಸ್ಕೃತ ಕಾವ್ಯ ‘ಮಧುರಾವಿಜಯ’ದ ಕವಯಿತ್ರಿ. ಕಂದ ಛಂದಸ್ಸಿನಲ್ಲೇ ಬರಲಿ.

ತುಂಗಾತೀರ:
ಅಧಿಪತಿ ಬಾಳಿಂ ಬರೆದಂ
ಬುಧರೆದೆಯೊಳ್ ಕಂಟದಿಂದೆ ಗಂಗೆಯೆ ಬರೆದಳ್
ಅಧಿಕಂ ನಿಲ್ವುದು ನುಡಿಯೆನೆ
ಮಧುರೆಯನರಸಂ ಗೆಲಲ್ಕೆ ರಾಣಿಯೆ ಗೆಲ್ದಳ್

ಓಲೆಗರಿ: ಚೆನ್ನಾಗಿದೆ. ಓಲೆಯ ಮೇಲೆ ಬರೆಯುವ ಕಡ್ಡಿಗೆ ‘ಕಂಟ’ ಒಳ್ಳೆಯ ಮಾತು.

ಶಾಸನಪ್ರಿಯ: ಪೂರಣದಲ್ಲಿ ತಪ್ಪಿಲ್ಲ, ಸಮಸ್ಯೆಯಲ್ಲೇ ಇದೆ. ಕಂಪಣ ಯಾವತ್ತು ‘ಅರಸ’ನಾದ? ಅಪ್ಪ ಬುಕ್ಕ ತೀರಿಕೊಂಡದ್ದು 1377. ಮಗ ಅದಕ್ಕೆ ಮೊದಲೇ, 1374ರ ಸುಮಾರಿಗೆ ಹೋಗಿಬಿಟ್ಟ. ಪಟ್ಟ ಏರಿದವನು ಇಮ್ಮಡಿ ಹರಿಹರ. ಪಟ್ಟವಾಗದವನ ಹೆಂಡತಿ ರಾಣಿ ಹೇಗಾದಳು? ಹೀಗೆ ತಿದ್ದಿ: ‘ಮಧುರೆಯನೊಡೆಯಂ ಗೆಲಲ್ಕೆ ದೇವಿಯೆ ಗೆಲ್ದಳ್’. ತಮಿಳು ಶಾಸನಗಳೂ ಅವನನ್ನು ಉಡೈಯಾರ್ ಎಂದೇ ಕರೆಯುತ್ತವೆ.

ಕಂದರಸಿಕ: ಶಾಸ್ತ್ರಿಗಳೇ, ಅರಸು ಅಂದರೆ ಚಕ್ರವರ್ತಿಯೇ ಆಗಬೇಕಿಲ್ಲ, ನಾಡನ್ನು ಆಳುವವನೂ ಅರಸನೇ. ಮುಳುಬಾಗಿಲಿನಿಂದ ಕಂಚಿಯವರೆಗೆ ಆಳಿದವನಿಗೆ ಆ ಮಾತು ಸಲ್ಲದೆ? ಇನ್ನು ನಿಮ್ಮ ತಿದ್ದುಪಡಿ. ‘ಮಧುರೆಯನ್ ಒಡೆಯಂ’ ಎಂದು ಬಿಡಿಸಿದರೆ ಹಳಗನ್ನಡದಲ್ಲಿ ನಿಷೇಧವೂ ಆಗುತ್ತದೆ, ‘ಮಧುರೆಯನ್ನು ಒಡೆಯುವುದಿಲ್ಲ’ ಅಂತ. ಗೆಲ್ಲಲು ಹೊರಟವನ ಬಾಯಿಗೆ ಅದನ್ನು ಹಾಕುತ್ತೀರಾ?

ಶಾಸನಪ್ರಿಯ: ಮುಂದೆಯೇ ‘ಗೆಲಲ್ಕೆ’ ಇರುವಾಗ ನಿಷೇಧ ಯಾರಿಗೆ ಹೊಳೆಯುತ್ತದೆ? ಹೋದ ಸಲ ಅರಿಸಮಾಸದ (ಸಂಸ್ಕೃತ, ಕನ್ನಡ ಪದ ಬೆರೆಸಿದ ಸಮಾಸದ) ವಿಷಯದಲ್ಲೂ ನೀವು ಹೀಗೇ ಕವಲು ಹಿಡಿದಿರಿ.

ಕಂದರಸಿಕ: ಆ ಸಲವೂ ನಾನೇ ಸರಿ ಇದ್ದೆ. ಸರ್ವನಾಮ, ಕೃದಂತ ಮೊದಲಲ್ಲಿ ಬರುವ ಗಮಕಸಮಾಸಕ್ಕೆ ಆ ದೋಷವಿಲ್ಲ.

ತುಂಗಾತೀರ: ‘ಒಡೆಯಂ’ ಬೇಡ, ‘ದೇವಿಯೆ’ ಇರಲಿ. ಎಂಟನೆಯ ಸರ್ಗದಲ್ಲಿ ಹೆಂಗಸೊಬ್ಬಳು ಬಂದು ಮಧುರೆಯ ದುಃಸ್ಥಿತಿ ಹೇಳಿ ಕಂಪಣನಿಗೆ ಕತ್ತಿ ಕೊಡುತ್ತಾಳಲ್ಲ, ಶಿವನಿಂದ ಪಾಂಡ್ಯರಿಗೆ ಬಂದಿದ್ದ ಕತ್ತಿ. ದೇವಿ ಎಂದರೆ ಅವಳೂ ಆಗುತ್ತಾಳೆ, ಗಂಗಾದೇವಿಯೂ ಆಗುತ್ತಾಳೆ.

ವಿಧುಧರನಿತ್ತಸಿಯಂ ತಂ-
ದಧಿನಾಥಂಗೀಯೆ ಕಂಪಣಂ ಪಗೆಗೊಂದಂ
ವಧುವವಳೊ ಗಂಗೆಯೋ ಪೇೞ್
ಮಧುರೆಯನರಸಂ ಗೆಲಲ್ಕೆ ದೇವಿಯೆ ಗೆಲ್ದಳ್

ಓಲೆಗರಿ: ಭೇಷ್. ‘ಗೆಲಲ್ಕೆ’ಯ ತುಮರ್ಥವೂ (‘ಗೆಲ್ಲುವುದಕ್ಕೆ’ ಎಂಬ ಅರ್ಥವೂ) ಇಲ್ಲಿ ಸರಿಯಾಗಿ ಕೂತಿತು. ಮೊದಲ ಪದ್ಯದಲ್ಲಿ ಅದನ್ನು ‘ಗೆದ್ದಾಗ’ ಎಂದು ಎಳೆಯಬೇಕಾಗಿತ್ತು.

ಕಂದರಸಿಕ: ಪದ್ಯ ಒಪ್ಪಿದೆ. ಆದರೆ ಕೊಟ್ಟ ಸಾಲು ‘ರಾಣಿಯೆ’. ಸಮಸ್ಯೆಯನ್ನೇ ತಿದ್ದಿದರೆ ಅದು ಪೂರಣವಲ್ಲ, ಹೊಸ ಪದ್ಯ. ಲೆಕ್ಕಕ್ಕಿಲ್ಲ.

ಶಾಸನಪ್ರಿಯ: ಸಾಲು ತಪ್ಪಿದ್ದರೆ ತಿದ್ದುವುದೂ ಪೂರಣವೇ.

ಓಲೆಗರಿ: ‘ಕಂಟ’ ಎಂದಾಗ ಹೊಳೆಯಿತು. ಮುಳುಬಾಗಿಲನ್ನು ಆಕೆ ಸಂಸ್ಕೃತಕ್ಕೆ ತಿರುಗಿಸಿ ‘ಕಂಟಕಾನನ’ ಮಾಡಿದ್ದಾಳೆ, ಕಂಟಕ ಎಂದರೆ ಮುಳ್ಳು. ದಂಡು ವಿಜಯನಗರದಿಂದ ಅಲ್ಲಿಗೆ ಐದಾರು ದಿನದಲ್ಲಿ ಬಂದು, ಮುಂದೆ ಪಾಲಾರ್ ದಡದ ವಿರಿಂಚಿಪುರದಲ್ಲಿ ಬೀಡು ಬಿಡುತ್ತದೆ. ದಾರಿ ಗೊತ್ತಿದ್ದವಳ ಬರವಣಿಗೆ ಅದು. ಕಾವ್ಯ ಸಿಕ್ಕಿದ ರೀತಿ ನೆನೆದರೆ ಮೈ ಜುಮ್ಮೆನ್ನುತ್ತದೆ. 1916ರಲ್ಲಿ ತಿರುವನಂತಪುರದ ಖಾಸಗಿ ಗ್ರಂಥಭಂಡಾರವೊಂದರಲ್ಲಿ, ಸಂಬಂಧವಿಲ್ಲದ ಎರಡು ಕೃತಿಗಳ ನಡುವೆ ಕಟ್ಟಿಟ್ಟ 61 ಓಲೆ. ಅಚ್ಚಾದದ್ದು 1924ರಲ್ಲಿ. ನಡುನಡುವೆ ಪದ್ಯಗಳೇ ಬಿದ್ದುಹೋಗಿವೆ. ಆ ಕಟ್ಟನ್ನು ಯಾರೂ ಬಿಚ್ಚದಿದ್ದರೆ ಗಂಗಾದೇವಿಯ ಈ ಮಾತು ನಮಗೆ ಸಿಗುತ್ತಲೇ ಇರಲಿಲ್ಲ.

ಶಾಸನಪ್ರಿಯ: ಕಂಪಣನ ಅಧಿಕಾರಿ ಗೋಪಣ್ಣ ರಂಗನಾಥನನ್ನು ಶ್ರೀರಂಗಕ್ಕೆ ಮರಳಿಸಿದ 1371ರ ಶಾಸನವನ್ನೂ ಇದರ ಜೊತೆಗಿಟ್ಟು ಓದಬೇಕು. ಕಾವ್ಯದಲ್ಲಿ ಇಸವಿ ಇರುವುದಿಲ್ಲ.

ಓಲೆಗರಿ: ಇರಬೇಕಾಗಿಯೂ ಇಲ್ಲ. ಏಳನೆಯ ಸರ್ಗದ ಸಂಜೆ, ಚಂದ್ರೋದಯ ನೆನೆದು ನನ್ನದೊಂದು. ಸಾಲು ಮುಟ್ಟಿಲ್ಲ:

ವಿಧುವಂ ಬಣ್ಣಿಸೆನಲ್ ಪತಿ
ಸುಧೆಯಂ ಸೂಸಿದಳೆ ತನ್ನ ನುಡಿಯಿಂ ನಲವಿಂ
ದಧಿಕಂ ಕಂಪಿಸೆ ಕಂಪಂ
ಮಧುರೆಯನರಸಂ ಗೆಲಲ್ಕೆ ರಾಣಿಯೆ ಗೆಲ್ದಳ್

ತುಂಗಾತೀರ: ‘ಕಂಪಿಸೆ ಕಂಪಂ’ ಸೊಗಸು.

ಕಂದರಸಿಕ: ‘ಸೂಸಿದಳೆ’ಯ ಎಕಾರ ಬರೀ ಪಾದ ತುಂಬಿಸಲು ಬಂದದ್ದು. ಉಳಿದದ್ದು ಸರಿ.

ಶಾಸನಪ್ರಿಯ: ‘ರಾಣಿ’ ಇನ್ನೂ ಒಪ್ಪಿಲ್ಲ.