ಡಾಲಿ ಪಾರ್ಟನ್ ಹಾಡುಗಳಲ್ಲಿ ನಿಮಗೆ ಯಾವುದು ಇಷ್ಟ? ನಾನು ಎಲ್ಲಿಂದ ಶುರು ಮಾಡಲಿ?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರ ‘ಜೋಲೀನ್’ ಒಂದನ್ನೇ ಕೇಳುತ್ತಿದ್ದೇನೆ. ಅಡುಗೆ ಮಾಡುವಾಗ, ಬಸ್ಸಿನಲ್ಲಿ, ರಾತ್ರಿ ದೀಪ ಆರಿಸಿದ ಮೇಲೂ ಅದೇ. ತನ್ನ ಗಂಡನ ಮನಸ್ಸು ಕದಿಯಬಲ್ಲ ಹೆಣ್ಣಿನ ಮುಂದೆ ನಿಂತು, ಬೈಯದೆ, ಶಾಪ ಹಾಕದೆ, ಅವಳ ಚೆಲುವನ್ನೇ ಹೊಗಳುತ್ತಾ ಅವನನ್ನು ಬಿಟ್ಟುಬಿಡು ಅಂತ ಬೇಡಿಕೊಳ್ಳುವ ಹಾಡನ್ನು ನಾನು ಬೇರೆಲ್ಲೂ ಕೇಳಿಲ್ಲ. ಕಂಟ್ರಿ ಅನ್ನುವ ಈ ಅಮೆರಿಕದ ಹಳ್ಳಿಗಾಡಿನ ಸಂಗೀತ ನನಗೆ ಹೊಸದು. ಹುಡುಕಿದರೆ ಇವರದ್ದು ನೂರಾರು ಹಾಡು ಬರುತ್ತವೆ, ಯಾವುದನ್ನು ಹಿಡಿಯಬೇಕು ಗೊತ್ತಾಗುತ್ತಿಲ್ಲ. ಪಟ್ಟಿ ಬೇಡ. ನಿಮಗೆ ಯಾವ ಹಾಡು, ಯಾಕೆ ಇಷ್ಟ ಅಂತ ಹೇಳಿ.

ಇನ್ನೊಂದು ವಿಷಯ. ವಿಟ್ನಿ ಹ್ಯೂಸ್ಟನ್ ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’ ಇವರದ್ದೇ ಅಂತ ಗೆಳತಿ ಹೇಳಿದಳು. ನಿಜವಾ?

ಹಳೇ ರೇಡಿಯೋ:

ನಿಜ ಮೇಡಂ. ಬರೆದದ್ದೂ ಡಾಲಿ, ಮೊದಲು ಹಾಡಿದ್ದೂ ಡಾಲಿ. 1974ರಲ್ಲಿ ಹೊರಬಂತು. ನನಗೆ ಎಲ್ಲಕ್ಕಿಂತ ಇಷ್ಟದ ಹಾಡು ಅದೇ.

ತುಂಬಾ ಜನ ಅದನ್ನು ಪ್ರೇಮಿಗೆ ಹಾಡಿದ್ದು ಅಂದುಕೊಂಡಿದ್ದಾರೆ. ಅಲ್ಲ. ಪೋರ್ಟರ್ ವ್ಯಾಗನರ್ ಅಂತ ಆಗ ದೊಡ್ಡ ಹೆಸರಿನ ಗಾಯಕ ಇದ್ದರು. ಅವರ ಟಿವಿ ಕಾರ್ಯಕ್ರಮಕ್ಕೆ ಡಾಲಿ 1967ರಲ್ಲಿ ಸೇರಿದರು, ಇಬ್ಬರ ಜೋಡಿ ಹಾಡುಗಳು ಚೆನ್ನಾಗಿ ಓಡಿದವು. ಕೆಲವು ವರ್ಷ ಕಳೆದ ಮೇಲೆ ಡಾಲಿಗೆ ತನ್ನ ದಾರಿ ತಾನು ನೋಡಿಕೊಳ್ಳಬೇಕು ಅನ್ನಿಸಿತು. ಪೋರ್ಟರ್ ಬಿಡಲು ತಯಾರಿರಲಿಲ್ಲ. ಜಗಳವೋ ಜಗಳ. ಮಾತಿನಲ್ಲಿ ಹೇಳಿದರೆ ಈ ಮನುಷ್ಯ ಕೇಳುವುದಿಲ್ಲ ಅಂತ ಗೊತ್ತಾಗಿ ಡಾಲಿ ಮನೆಗೆ ಹೋಗಿ ಹಾಡು ಬರೆದರು, ಮರುದಿನ ಬೆಳಿಗ್ಗೆ ಅವರ ಆಫೀಸಿನಲ್ಲಿ ಎದುರು ಕೂತು ಹಾಡಿಬಿಟ್ಟರು. ಪೋರ್ಟರ್ ಅತ್ತರು. ಹೋಗು, ಆದರೆ ಈ ಹಾಡಿನ ರೆಕಾರ್ಡ್ ನಾನೇ ಮಾಡಬೇಕು ಅಂದರಂತೆ.

ಇದಾದ ಮೇಲೆ ಎಲ್ವಿಸ್ ಪ್ರೆಸ್ಲಿ ಇದನ್ನು ಹಾಡಬೇಕು ಅಂತ ಆಸೆಪಟ್ಟರು. ಡಾಲಿಗೆ ಎಷ್ಟು ಸಂತೋಷ ಆಗಿರಬೇಕು ನೋಡಿ. ಆದರೆ ಎಲ್ವಿಸ್ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಹಾಡಿನ ಹಕ್ಕಿನಲ್ಲಿ ಅರ್ಧ ಕೊಡಬೇಕು ಅಂದರು. ಡಾಲಿ ಆಗುವುದಿಲ್ಲ ಅಂದರು. ಆ ರಾತ್ರಿಯೆಲ್ಲಾ ಅತ್ತೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ 1992ರಲ್ಲಿ ವಿಟ್ನಿ ಹಾಡಿದರು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಹಕ್ಕು ಪೂರ್ತಿ ಡಾಲಿ ಹತ್ತಿರವೇ ಇತ್ತು.

ವಿಟ್ನಿ ಹಾಡಿದ್ದು ಆಕಾಶಕ್ಕೆ ಏರುತ್ತದೆ. ಡಾಲಿಯದ್ದು ಬಾಗಿಲ ಹತ್ತಿರ ಚೀಲ ಹಿಡಿದು ನಿಂತವರ ದನಿ. ಮಧ್ಯದಲ್ಲಿ ಹಾಡು ನಿಲ್ಲಿಸಿ ಬರೀ ಮಾತಿನಲ್ಲಿ ಒಳ್ಳೆಯದಾಗಲಿ ಅಂತ ಹರಸುತ್ತಾರಲ್ಲ, ಅಲ್ಲಿ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಕೌದಿ:

ನನ್ನದು ‘ಕೋಟ್ ಆಫ್ ಮೆನಿ ಕಲರ್ಸ್’, 1971ರದ್ದು. ಸಂಜೆಮಲ್ಲಿಗೆ ಅಕ್ಕಾ, ನೀವು ಇಲ್ಲಿಂದಲೇ ಶುರು ಮಾಡಿ.

ಡಾಲಿ ಹುಟ್ಟಿದ್ದು 1946ರಲ್ಲಿ, ಟೆನೆಸ್ಸಿಯ ಸ್ಮೋಕಿ ಬೆಟ್ಟಗಳ ಹತ್ತಿರ, ಒಂದೇ ಕೋಣೆಯ ಮರದ ಮನೆಯಲ್ಲಿ. 12 ಮಕ್ಕಳಲ್ಲಿ ನಾಲ್ಕನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡಲು ದುಡ್ಡಿಲ್ಲದೆ ಅಪ್ಪ ಒಂದು ಚೀಲ ಜೋಳದ ಹಿಟ್ಟು ಕೊಟ್ಟರಂತೆ. ಯಾರೋ ಕೊಟ್ಟ ಚಿಂದಿ ಬಟ್ಟೆಗಳನ್ನು ಸೇರಿಸಿ ಅಮ್ಮ ಇವರಿಗೊಂದು ಕೋಟು ಹೊಲಿದರು. ಹೊಲಿಯುತ್ತಾ ಬೈಬಲ್ಲಿನ ಜೋಸೆಫ್‌ನ ಬಣ್ಣಬಣ್ಣದ ಕೋಟಿನ ಕಥೆ ಹೇಳಿದರು. ಹುಡುಗಿ ಹೆಮ್ಮೆಯಿಂದ ಹಾಕಿಕೊಂಡು ಶಾಲೆಗೆ ಹೋದರೆ ಮಕ್ಕಳೆಲ್ಲಾ ನಕ್ಕರು. ಹಾಡಿನಲ್ಲಿ ಇರುವುದು ಇಷ್ಟೇ. ಆದರೆ ನಕ್ಕಿದ್ದು ಯಾಕೆ ಅಂತ ಆ ಮಗುವಿಗೆ ಅರ್ಥವೇ ಆಗುವುದಿಲ್ಲ, ಒಂದೊಂದು ಹೊಲಿಗೆಯಲ್ಲೂ ಅಮ್ಮನ ಪ್ರೀತಿ ಇದೆಯಲ್ಲ ಅಂತ ತಿರುಗಿ ಹೇಳುತ್ತದೆ.

ನಮ್ಮಜ್ಜಿ ಹಳೇ ಸೀರೆ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದರು. ಹಾಸ್ಟೆಲ್ಲಿಗೆ ಅದನ್ನೇ ಒಯ್ದಿದ್ದೆ. ಉಳಿದವರ ಹಾಸಿಗೆ ಮೇಲೆ ಅಂಗಡಿಯ ಹೊಸ ಚಾದರ ಇದ್ದವು, ನಾನು ಒಂದು ತಿಂಗಳು ಕೌದಿಯನ್ನು ಟ್ರಂಕಿನಿಂದ ಹೊರಗೆ ತೆಗೆಯಲೇ ಇಲ್ಲ. ಈ ಹಾಡನ್ನು ಮೊದಲ ಸಲ ಕೇಳಿದ ದಿನ ಅಜ್ಜಿ ಇರಲಿಲ್ಲ. ಜಾಸ್ತಿ ಬರೆಯಲು ಆಗುವುದಿಲ್ಲ.

ಡಾಲಿ ಇದನ್ನು ಬರೆದದ್ದು ಬಸ್ಸಿನಲ್ಲಿ, ಟೂರ್ ಹೋಗುವಾಗ. ಕೈಗೆ ಕಾಗದ ಸಿಗಲಿಲ್ಲ, ಪೋರ್ಟರ್ ಸೂಟು ಡ್ರೈಕ್ಲೀನ್ ಮಾಡಿಸಿದ ರಸೀದಿ ಸಿಕ್ಕಿತು. ಅದರ ಹಿಂದೆಯೇ ಬರೆದರು.

ಗುರು_ಬಿ:

ಎಲ್ಲರೂ ಅಳಿಸುವ ಹಾಡನ್ನೇ ಹೇಳುತ್ತಿದ್ದೀರಿ! ‘ನೈನ್ ಟು ಫೈವ್’ ಎಲ್ಲಿ ಹೋಯಿತು? ದಿನಾ ದುಡಿದು ಹೆಸರು ಮಾತ್ರ ಬೇರೆಯವರಿಗೆ ಹೋಗುವ ಸಿಟ್ಟನ್ನು ಕುಣಿಯುವ ಹಾಗೆ ಹೇಳಿದ ಹಾಡು ಅದು. 1980ರಲ್ಲಿ ಅದೇ ಹೆಸರಿನ ಸಿನಿಮಾಕ್ಕೆ ಮಾಡಿದ್ದು, ಡಾಲಿ ಅದರಲ್ಲಿ ನಟಿಸಿದ್ದಾರೆ ಕೂಡ. ಶೂಟಿಂಗ್ ಸೆಟ್‌ನಲ್ಲಿ ಸುಮ್ನೆ ಕೂತಾಗ ತಮ್ಮ ಉದ್ದದ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರು, ಟೈಪ್‌ರೈಟರ್ ಸದ್ದಿನ ಹಾಗೆ ಕೇಳಿಸಿತು, ಆ ತಾಳದ ಮೇಲೆಯೇ ಹಾಡು ಕಟ್ಟಿದರು. ರೆಕಾರ್ಡಿಂಗ್‌ನಲ್ಲೂ ಆ ಉಗುರಿನ ಸದ್ದು ಇದೆ. ಹೆಡ್‌ಫೋನ್ ಹಾಕಿ ಕೇಳಿ.

ಕೆನ್ನಿ ರಾಜರ್ಸ್ ಜೊತೆ 1983ರಲ್ಲಿ ಹಾಡಿದ ‘ಐಲೆಂಡ್ಸ್ ಇನ್ ದ ಸ್ಟ್ರೀಮ್’ ಕೂಡ ಬಿಡಬೇಡಿ.

ಹಳೇ ರೇಡಿಯೋ:

ಗುರು ಅವರೇ, ‘ನೈನ್ ಟು ಫೈವ್’ ಒಪ್ಪಿದೆ. ಆದರೆ ‘ಐಲೆಂಡ್ಸ್’ ಬರೆದದ್ದು ಬೀ ಜೀಸ್ ಅಣ್ಣತಮ್ಮಂದಿರು. ದನಿ ಚೆನ್ನಾಗಿದೆ, ಡಾಲಿಯ ಕಥೆ ಹೇಳುವ ಕೈ ಅದರಲ್ಲಿಲ್ಲ. ಹೊಸದಾಗಿ ಕೇಳುವವರು ಮೊದಲು ಅವರೇ ಬರೆದದ್ದನ್ನು ಕೇಳಲಿ ಅನ್ನುವುದು ನನ್ನ ಆಸೆ.

ಗುರು_ಬಿ:

ಹಾಡಿದವರದ್ದೂ ಹಾಡೇ ಅಲ್ವಾ ಸರ್? ಡಾಲಿ ಒಳಗೆ ಬಂದ ಕ್ಷಣ ಆ ಹಾಡಿಗೆ ಬೆಳಕು ಬರುತ್ತದೆ. ನಾನಂತೂ ಬಿಟ್ಟುಕೊಡುವುದಿಲ್ಲ.

ಬೆಟ್ಟದಾಚೆ:

ತಡವಾಗಿ ಬಂದೆ. ‘ಡೌನ್ ಫ್ರಮ್ ಡೋವರ್’ ಅನ್ನು ಯಾರೂ ಹೇಳಿಲ್ಲವಲ್ಲ.

1970ರ ಹಾಡು. ಮದುವೆಯಾಗದೆ ಬಸಿರಾದ ಹುಡುಗಿ, ಮನೆಯವರು ದೂರ ಮಾಡಿದ್ದಾರೆ, ಅವನು ಡೋವರ್‌ನಿಂದ ಬಂದೇ ಬರುತ್ತಾನೆ ಅಂತ ಕಾಯುತ್ತಾಳೆ. ತಿಂಗಳು ಕಳೆಯುತ್ತವೆ. ಅವನು ಬರುವುದಿಲ್ಲ. ಮಗು ಹುಟ್ಟುತ್ತದೆ, ಅಳುವುದಿಲ್ಲ. ಆಗಿನ ಕಂಟ್ರಿ ರೇಡಿಯೋ ಮುಟ್ಟುವಂಥ ವಿಷಯವೇ ಅಲ್ಲ ಅದು. ಬರೆದವರಿಗೆ ಆಗ 24 ವರ್ಷ ಕೂಡ ದಾಟಿರಲಿಲ್ಲ ಅನ್ನುವುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯ.

ಸಂಜೆಮಲ್ಲಿಗೆಯವರೇ, ನಿಮಗೆ ‘ಜೋಲೀನ್’ ಹಿಡಿದಿದ್ದು ಯಾಕೆ ಅಂತ ನನಗನ್ನಿಸುವುದು ಹೇಳುತ್ತೇನೆ. ಡಾಲಿಯ ಅಮ್ಮ ಮನೆಯಲ್ಲಿ ಹಳೇ ಕಥನ ಹಾಡುಗಳನ್ನು ಹಾಡುತ್ತಿದ್ದರು, ಇಂಗ್ಲೆಂಡು ಸ್ಕಾಟ್ಲೆಂಡು ಕಡೆಯಿಂದ ಬಂದ ಜನ ತಮ್ಮ ಜೊತೆ ಆ ಬೆಟ್ಟಗಳಿಗೆ ತಂದಿದ್ದ ಹಾಡುಗಳು. ನಮ್ಮ ಲಾವಣಿಯ ಹಾಗೆ ಒಂದೇ ಧಾಟಿ ಸುತ್ತಿ ಸುತ್ತಿ ಬರುತ್ತದೆ, ಕಥೆ ಮುಂದೆ ಹೋಗುತ್ತದೆ. ‘ಜೋಲೀನ್’, ‘ಡೋವರ್’ ಎರಡರಲ್ಲೂ ಆ ಅಂಶ ಇದೆ. ಅಂದಹಾಗೆ ಜೋಲೀನ್ ಅನ್ನುವ ಹೆಸರು ಸಿಕ್ಕಿದ್ದು ವೇದಿಕೆ ಹತ್ತಿರ ಆಟೋಗ್ರಾಫ್ ಕೇಳಲು ಬಂದ ಪುಟ್ಟ ಹುಡುಗಿಯಿಂದ. ಕಥೆ ಸಿಕ್ಕಿದ್ದು ಬ್ಯಾಂಕಿನಿಂದ. ಅಲ್ಲಿ ಕೆಲಸ ಮಾಡುತ್ತಿದ್ದ ಕೆಂಪು ಕೂದಲಿನ ಹೆಂಗಸು ಡಾಲಿಯ ಗಂಡನ ಜೊತೆ ತುಸು ಜಾಸ್ತಿಯೇ ನಗುತ್ತಿದ್ದಳಂತೆ.

ಸಂಜೆಮಲ್ಲಿಗೆ:

ಎಲ್ಲವನ್ನೂ ಕೇಳಿದೆ. ‘ಡೋವರ್’ ಕೇಳುವಾಗ ಬಸ್ಸಿನಲ್ಲಿದ್ದೆ, ನನ್ನ ಸ್ಟಾಪ್ ದಾಟಿಹೋಯಿತು. ಕೌದಿ, ನಿಮ್ಮ ಹಾಡನ್ನು ಅಮ್ಮನಿಗೂ ಕೇಳಿಸಿ, ಸಾಲು ಸಾಲಾಗಿ ಅರ್ಥ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ, ಇನ್ನೊಂದು ಸಲ ಹಾಕು ಅಂದರು. ಗುರು ಅವರೇ, ಉಗುರಿನ ಸದ್ದು ಸಿಕ್ಕಿತು! ಊರು ಬಿಟ್ಟು ಬಂದ ಬಗ್ಗೆ ಡಾಲಿ ಏನಾದರೂ ಬರೆದಿದ್ದಾರಾ?

ಕೌದಿ:

ಇದೆ ಅಕ್ಕಾ. 1973ರ ಆಲ್ಬಂ ‘ಮೈ ಟೆನೆಸ್ಸಿ ಮೌಂಟನ್ ಹೋಮ್’. ಹೊದಿಕೆಯ ಮೇಲೆ ಅವರ ಹಳೇ ಮನೆಯ ಚಿತ್ರವೇ ಇದೆ. 1964ರಲ್ಲಿ ಶಾಲೆ ಮುಗಿದ ಮರುದಿನವೇ ಡಾಲಿ ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್‌ಗೆ ಹೊರಟಿದ್ದರು. ಅಲ್ಲಿಂದ ಅಪ್ಪ ಅಮ್ಮನಿಗೆ ಬರೆದ ಮೊದಲ ಕಾಗದವನ್ನು ಆಲ್ಬಂನ ಶುರುವಿನಲ್ಲಿ ಓದುತ್ತಾರೆ. ಹಾಡುವುದಿಲ್ಲ, ಓದುತ್ತಾರೆ ಅಷ್ಟೇ, ಹಿಂದೆ ಹಾರ್ಮೋನಿಕಾ. ಅದನ್ನು ದಾಟಿಸಿ ಮುಂದಿನ ಹಾಡಿಗೆ ಹೋಗಬೇಡಿ. ಅಮ್ಮನನ್ನೂ ಜೊತೆಯಲ್ಲಿ ಕೂರಿಸಿಕೊಳ್ಳಿ.